ಕಾವಿಗೆ ತಕ್ಕ ಹೇಂಟೆ

ಹಿತ್ತಿಲಲ್ಲಿ ಕೋಳಿ ಸಾಕುವ ಒಕ್ಕಲು ಮನೆತನಗಳಿಗೆ ಮರಿಗಳ ಲಾಭವು ಕಾವು ಕೂಡುವ ಹೇಂಟೆಯಿಂದಲೇ ದೊರೆಯತಕ್ಕದ್ದು. ಅದು ನಡುವೆ ಗೂಡು ಬಿಟ್ಟೆದ್ದರೆ ತತ್ತಿಗಳು ಕೆಟ್ಟು, 21 ದಿವಸಗಳ ನಿರೀಕ್ಷೆಯು ವ್ಯರ್ಥವಾಗುವುದು.

ಹೆಚ್ಚು ತತ್ತಿಯಿಡುವ ಜಾತಿಯೇ ಉತ್ತಮ ತಾಯಿಯೆಂದು ಭಾವಿಸಲಾಗದು. ಬಿಳಿ ಲೆಗಾರ್ನ್ ಜಾತಿಯನ್ನು ತತ್ತಿಗಾಗಿಯೇ ಆಯ್ದು ಬೆಳೆಸಿದ್ದರಿಂದ ಅದರಲ್ಲಿ ಕಾವಿನ ಸ್ವಭಾವವು ಬಹುಮಟ್ಟಿಗೆ ಅಳಿದಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಸಿದ್ಧಪಡಿಸಿದ ಗಿರಿರಾಜವೂ ಕಾವಿಗೆ ನೆಚ್ಚತಕ್ಕದ್ದಲ್ಲ. ಜವಾರಿ ಹೇಂಟೆಯಾದರೋ ತತ್ತಿ ಕಡಿಮೆಯಿಟ್ಟರೂ ಸ್ಥಿರವಾಗಿ ಕೂಡುವುದು. ಗಿರಿರಾಜದ ತತ್ತಿಗಳನ್ನೂ ಅದರ ಕೆಳಗಿಟ್ಟು ಮರಿ ಮಾಡಿಸಬಹುದು. ಅಸೀಲ್ ಹೇಂಟೆಯೂ ಒಳ್ಳೆಯ ತಾಯಿಯೇ. ಆದರೆ ಜಗಳಗಂಟಿಯಾದುದರಿಂದ ಪ್ರತ್ಯೇಕವಾಗಿ ಕೂಡಿಸಬೇಕು.

ಜಾತಿಯೊಂದನ್ನೇ ನೋಡಿದರೆ ಸಾಲದು. ಆರಿಸಿದ ಹೇಂಟೆಯನ್ನು ಎರಡು ರಾತ್ರಿ ಮಣ್ಣಿನ ಹುಸಿತತ್ತಿಗಳ ಮೇಲೆ ಕೂಡಿಸಿ, ಏಳದೆ ಕುಳಿತರೆ ಮಾತ್ರ ಹೊಸ ತತ್ತಿಗಳನ್ನು 10-12ರಷ್ಟು ಇಡತಕ್ಕದ್ದು.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಕಡೆಗಳಲ್ಲಿ ಬೇಸಿಗೆಯ ಉಷ್ಣತೆಯು 40 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟುವುದುಂಟು. ಆಗ ಕೂಡಿಟ್ಟ ತತ್ತಿಗಳು ಬೇಗನೆ ಕೆಡುವವು. ಸೆಕೆ ತಾಳದೆ ಹೇಂಟೆಯೂ ಗೂಡು ಬಿಡಬಹುದು. ಆದುದರಿಂದ ಚಳಿಗಾಲದಲ್ಲಿ ಕಾವಿಗಿಡುವುದು ಶ್ರೇಯಸ್ಕರ.

ಒಮ್ಮೆ ಚೆನ್ನಾಗಿ ಮರಿ ಮಾಡಿದ ಹೇಂಟೆಯನ್ನು, ತತ್ತಿ ಕಡಿಮೆಯೆಂದು ಸಂತೆಗೆ ಒಯ್ಯದೆ ಉಳಿಸಿಕೊಂಡು, ಮುಂದಿನ ತಾಯಂದಿರನ್ನು ಅದರ ಸಂತತಿಯಲ್ಲಿಯೇ ಆರಿಸತಕ್ಕದ್ದು.