ಡಲ್ಲಾಸ್ ಹೋಟೆಲಿನಲ್ಲಿ ತಾಳೆಯಾಗದ ಒಂದು ಲೆಕ್ಕ

ನಮ್ಮ ಸಂಘದ ಸದಸ್ಯರಲ್ಲಿ ಅನೇಕರ ಮಕ್ಕಳು ಇಂದು ಅಮೆರಿಕದಲ್ಲಿದ್ದಾರೆ. ಮಗಳ ಬಾಣಂತನ, ಮಗನ ಗೃಹಪ್ರವೇಶ ಎಂದು ಪ್ರತಿ ವರ್ಷ ಯಾರಾದರೊಬ್ಬರು ಹೋಗಿ ಬರುತ್ತಲೇ ಇರುತ್ತಾರೆ. ಬಂದವರು ನಯಾಗರ ಜಲಪಾತದ ಫೋಟೊ ತೋರಿಸುತ್ತಾರೆ. ಆದರೆ ಅಲ್ಲಿನ ಹೋಟೆಲಿನಲ್ಲಿ ಬಿಲ್ಲನ್ನು ಹೇಗೆ ಕೊಡಬೇಕು ಎಂಬುದನ್ನು ಯಾರೂ ಹೇಳುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ.

2024ರಲ್ಲಿ ನಾನು ಮತ್ತು ನನ್ನಾಕೆ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಒಂದು ಸಂಜೆ ಮಗಳು, ಅಳಿಯ ನಮ್ಮನ್ನು ಮೆಕ್ಸಿಕನ್ ಊಟದ ಹೋಟೆಲಿಗೆ ಕರೆದೊಯ್ದರು. ಐವತ್ತು ದಾಟಿದ ಮಹಿಳೆಯೊಬ್ಬರು ಬಂದು ತಮ್ಮ ಹೆಸರು ಹೇಳಿ, ಇಂದು ನಿಮ್ಮ ಮೇಜು ನೋಡಿಕೊಳ್ಳುವವಳು ನಾನು ಎಂದರು. ಗ್ಲಾಸಿನಲ್ಲಿ ನೀರು ಅರ್ಧಕ್ಕಿಳಿಯುವ ಮೊದಲೇ ಮತ್ತೆ ತುಂಬುತ್ತಿದ್ದರು. ನಾವು ಶಾಕಾಹಾರಿಗಳು ಎಂದಾಗ ಸುಮ್ಮನೆ ತಲೆಯಾಡಿಸದೆ ಅಡುಗೆಮನೆಗೆ ಹೋಗಿ ವಿಚಾರಿಸಿ ಬಂದರು. ಅನ್ನವನ್ನು ಕೋಳಿಯ ರಸದಲ್ಲಿ ಬೇಯಿಸುತ್ತಾರೆ, ಅರೆದ ಬೀನ್ಸ್‌ಗೆ ಹಂದಿ ಕೊಬ್ಬು ಹಾಕುತ್ತಾರೆ, ಎರಡೂ ಬೇಡ ಎಂದು ತಿಳಿಸಿ, ಬದಲಿಗೆ ಇಡಿಯ ಕಪ್ಪು ಬೀನ್ಸ್, ತರಕಾರಿ ಮತ್ತು ಜೋಳದ ರೊಟ್ಟಿ ತಂದುಕೊಟ್ಟರು.

ಇದನ್ನು ಕಂಡು ನನಗೆ ನನ್ನ ಹಳೆಯ ದಿನಗಳು ನೆನಪಾದವು. 1983ರಲ್ಲಿ, ಹದಿನಾಲ್ಕನೆಯ ವಯಸ್ಸಿಗೆ, ಉಡುಪಿ ಕಡೆಯಿಂದ ಮುಂಬಯಿಗೆ ಬಂದು ಫೋರ್ಟ್‌ನ ಹೋಟೆಲೊಂದರಲ್ಲಿ ಮಾಣಿಯಾಗಿ ಸೇರಿದವನು ನಾನು. ಸಾಂಬಾರಿಗೆ ನೀರುಳ್ಳಿ ಹಾಕಿದ್ದೀರಾ ಎಂದು ಜೈನ ಗಿರಾಕಿಗಳು ಕೇಳಿದರೆ, ಒಳಗೆ ಹೋಗಿ ಭಟ್ಟರನ್ನು ಕೇಳುವ ಗೋಜಿಗೆ ಹೋಗದೆ "ಇಲ್ಲ ಸೇಠ್" ಎಂದುಬಿಟ್ಟದ್ದುಂಟು. ಆ ಮಹಿಳೆ ಹಾಗೆ ಮಾಡಲಿಲ್ಲ.

ಊಟ ಮುಗಿಯುತ್ತಲೇ, ನಾವು ಕೇಳದೆಯೇ, ಬಿಲ್ ಬಂತು. "ಏಳಿ ಎನ್ನುತ್ತಿದ್ದಾರೆಯೇ?" ಎಂದು ನನ್ನಾಕೆ ಮುಖ ಸಣ್ಣದು ಮಾಡಿದಳು. ಅಲ್ಲಿ ಅದು ಪದ್ಧತಿಯಂತೆ. ಮಗಳು ಮತ್ತು ಅಳಿಯ ಕಾರು ತರಲು ಹೋದರು. ಬಿಲ್ ನಾನೇ ಕೊಡುತ್ತೇನೆಂದು ಮೊದಲೇ ಹಟ ಹಿಡಿದಿದ್ದೆ. ಊಟಕ್ಕೆ 80 ಡಾಲರ್, ಶೇ. 8.25 ತೆರಿಗೆ ಸೇರಿ 86 ಡಾಲರ್ 60 ಸೆಂಟ್. ಆಕೆ ನನ್ನ ಕಾರ್ಡ್ ಒಯ್ದು ಎರಡು ಚೀಟಿ ತಂದಿಟ್ಟರು. ಅದರಲ್ಲಿ ಭಕ್ಷೀಸಿಗೆ ಒಂದು ಖಾಲಿ ಗೆರೆ, ಒಟ್ಟು ಮೊತ್ತಕ್ಕೆ ಇನ್ನೊಂದು, ಕೆಳಗೆ ಸಹಿ. ಎರಡು ಡಾಲರ್ ಎಂದು ಬರೆದೆ. ಮನಸ್ಸಿನಲ್ಲೇ ರೂಪಾಯಿಗೆ ಪರಿವರ್ತಿಸಿದೆ. ನೂರೈವತ್ತು ರೂಪಾಯಿಗೂ ಮೇಲಾಯಿತು. ಧಾರಾಳವಾಯಿತೆಂದೇ ಎಣಿಸಿದೆ. ಚೀಟಿ ನೋಡಿದ ಮೇಲೂ ಆಕೆ ಶುಭಸಂಜೆ ಹೇಳಿಯೇ ಬೀಳ್ಕೊಟ್ಟರು.

ಕಾರಿನಲ್ಲಿ ಮಗಳು ಕೇಳಿದಳು: "ಅಪ್ಪ, ಟಿಪ್ಸ್ ಎಷ್ಟು ಬರೆದಿರಿ?" ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಆಮೇಲೆ ಅಳಿಯ ವಿವರಿಸಿದರು. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಆದರೆ ಭಕ್ಷೀಸು ಪಡೆಯುವ ನೌಕರರಿಗೆ ಮಾಲೀಕರು ಗಂಟೆಗೆ 2.13 ಡಾಲರ್ ಕೊಟ್ಟರೆ ಸಾಕು. 1991ರಿಂದ ಈ ಅಂಕಿ ಬದಲಾಗಿಲ್ಲ. ಭಕ್ಷೀಸು ಸೇರಿಯೂ 7.25ಕ್ಕೆ ಮುಟ್ಟದಿದ್ದರೆ ಮಾತ್ರ ಉಳಿದದ್ದನ್ನು ಮಾಲೀಕ ತುಂಬಬೇಕು. ಕ್ಯಾಲಿಫೋರ್ನಿಯದಂಥ ಕೆಲವು ರಾಜ್ಯಗಳಲ್ಲಿ ಪೂರ್ತಿ ಕೂಲಿ ಕೊಡಲೇಬೇಕು. ಟೆಕ್ಸಾಸ್‌ನಲ್ಲಿ ಹಾಗಿಲ್ಲ. ಆದ್ದರಿಂದ ಶೇ. 15ರಿಂದ 20ರಷ್ಟು ಬಿಡುವುದು ವಾಡಿಕೆ. ನಾವು ಕೊಟ್ಟರೂ ಬಿಟ್ಟರೂ ನಡೆಯುವ ದಾನ ಅದಲ್ಲ, ಆಕೆಯ ಸಂಬಳ.

ಬ್ಯಾಂಕಿನಲ್ಲಿ ದಿನದ ಕೊನೆಗೆ ಕ್ಯಾಶ್ ತಾಳೆಯಾಗದೆ ನಾವು ಮನೆಗೆ ಹೋಗುವಂತಿಲ್ಲ. ಆ ರಾತ್ರಿ ನನ್ನ ಲೆಕ್ಕದಲ್ಲಿ 14 ಡಾಲರ್ ಕಡಿಮೆ ಬಿದ್ದಿತ್ತು. ಮಾಣಿಯಾಗಿದ್ದಾಗ ನನ್ನ ಸಂಬಳ ಧಣಿಯ ಬಳಿಯೇ ಜಮೆಯಾಗಿ ಮನಿಯಾರ್ಡರ್ ಮೂಲಕ ಊರಿಗೆ ಹೋಗುತ್ತಿತ್ತು. ಕೈಗೆ ಸಿಗುತ್ತಿದ್ದುದು ಗಿರಾಕಿಗಳು ಸೋಂಪಿನ ತಟ್ಟೆಯಲ್ಲಿ ಬಿಟ್ಟ ನಾಲ್ಕಾಣೆ, ಎಂಟಾಣೆ ಮಾತ್ರ. ರಾತ್ರಿಶಾಲೆಯ ನೋಟ್‌ಬುಕ್, ಪೆನ್ನು ಬಂದದ್ದು ಆ ಚಿಲ್ಲರೆಯಿಂದ. ಮುಂದೆ ಸಂಜೆ ಕಾಲೇಜಿನಲ್ಲಿ ಬಿಕಾಂ ಮಾಡಿ ಬ್ಯಾಂಕ್ ಸೇರಿದ್ದೂ ಅದರ ಬಲದಿಂದಲೇ. ಹಾಗಿದ್ದೂ ನಾನು ಎರಡು ಡಾಲರ್ ಬರೆದೆ.

ಮರುದಿನ ಅಳಿಯನೊಂದಿಗೆ ಅದೇ ಹೋಟೆಲಿಗೆ ಹೋದೆ. ಅಂದು ಆಕೆಗೆ ರಜೆ. ಮ್ಯಾನೇಜರ್ ಒಂದು ಲಕೋಟೆ ಕೊಟ್ಟರು. ಬಿಲ್ಲಿನಲ್ಲಿ ಅಚ್ಚಾಗಿದ್ದ ಆಕೆಯ ಹೆಸರು ಬರೆದು, 20 ಡಾಲರ್ ನೋಟು ಇಟ್ಟು ಅಂಟಿಸಿಕೊಟ್ಟೆ. ಅದು ಆಕೆಯ ಕೈ ಸೇರಿತೋ ಇಲ್ಲವೋ, ನನಗೆ ತಿಳಿಯಲಿಲ್ಲ.

ಹೋಗಲಿರುವ ಸದಸ್ಯರಿಗೆ ಎರಡು ಮಾತು. ಅಮೆರಿಕದಲ್ಲಿ ಆರೆಂಟು ಜನ ಒಟ್ಟಿಗೆ ಹೋದರೆ ಕೆಲವು ಹೋಟೆಲುಗಳು ಭಕ್ಷೀಸನ್ನು ಬಿಲ್ಲಿನಲ್ಲೇ ಸೇರಿಸುತ್ತವೆ. ಓದಿ ನೋಡಿ, ಎರಡು ಬಾರಿ ಕೊಡಬೇಡಿ. ಎಲ್ಲ ದೇಶಗಳಲ್ಲೂ ಒಂದೇ ರೀತಿಯಿಲ್ಲ. ಸಿಂಗಾಪುರದ ಅನೇಕ ಹೋಟೆಲುಗಳು ಶೇ. 10 ಸೇವಾ ಶುಲ್ಕವನ್ನು ತಾವೇ ಸೇರಿಸುತ್ತವೆ. ಜಪಾನಿನಲ್ಲಿ ಭಕ್ಷೀಸು ಕೊಡುವ ವಾಡಿಕೆಯೇ ಇಲ್ಲ.

ನಮ್ಮಲ್ಲಿ ಸೇವಾ ಶುಲ್ಕ ಕಡ್ಡಾಯವಲ್ಲ. ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಈ ನಿಯಮವನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ಕೊಡುವುದು, ಬಿಡುವುದು ನಮಗೆ ಸೇರಿದ್ದು. ಆದರೆ ಈಗ ನಾವು ಫೋನಿನಲ್ಲಿ ಸ್ಕ್ಯಾನ್ ಮಾಡಿ ಪೈಸೆಗೆ ಸರಿಯಾಗಿ ಹಣ ಕೊಟ್ಟು ಎದ್ದು ಬರುತ್ತೇವೆ. ಹಣ ನೇರವಾಗಿ ಧಣಿಯ ಖಾತೆಗೆ ಹೋಗುತ್ತದೆ. ಸೋಂಪಿನ ತಟ್ಟೆಯಲ್ಲಿ ಹುಡುಗನಿಗೆಂದು ಏನೂ ಉಳಿಯುವುದಿಲ್ಲ.

ಡಲ್ಲಾಸ್‌ನಿಂದ ಬಂದ ಮೇಲೆ ನಾನು ಅಂಗಿಯ ಜೇಬಿನಲ್ಲಿ ಹತ್ತರ, ಇಪ್ಪತ್ತರ ಕೆಲವು ನೋಟುಗಳನ್ನು ಬೇರೆಯಾಗಿ ಇಟ್ಟುಕೊಳ್ಳುತ್ತೇನೆ. ಅದನ್ನು ತಟ್ಟೆಯಲ್ಲಿ ಬಿಡುವುದಿಲ್ಲ, ಹುಡುಗನ ಕೈಗೇ ಕೊಡುತ್ತೇನೆ.