ಅನಾನಸಿನ ಎಲೆಯೂ ಕಾಲಿನ ಬೂಟೂ

ಅನಾನಸ್ ಹಣ್ಣನ್ನು ಮನೆಗೆ ತಂದ ದಿನ ಅದರ ತಲೆಯ ಮೇಲಿನ ಮುಳ್ಳುಜುಟ್ಟನ್ನು ಕತ್ತರಿಸಿ ಎಸೆಯುವುದು ನಮ್ಮ ಗೃಹಿಣಿಯರೆಲ್ಲರಿಗೂ ತಿಳಿದ ಕೆಲಸ. ಆದರೆ ಹಣ್ಣು ಪೇಟೆಯನ್ನು ಸೇರುವುದಕ್ಕೆ ಮೊದಲೇ, ಅದನ್ನು ಹೊತ್ತಿದ್ದ ಗಿಡದ ಕತ್ತಿಯಂತಹ ನೀಳವಾದ ಎಲೆಗಳು ಹೊಲದಲ್ಲಿಯೇ ಉಳಿದುಬಿಟ್ಟಿರುತ್ತವೆ. ಕೊಯ್ಲಾದ ಮೇಲೆ ಅವು ಅಲ್ಲಿಯೇ ಕೊಳೆಯುತ್ತವೆ. ಅನೇಕ ಕಡೆ ರೈತರು ಅವಕ್ಕೆ ಬೆಂಕಿಯಿಡುತ್ತಾರೆ. ಈ ಎಲೆಗಳಿಂದ ಬೂಟು, ಕೈಚೀಲ, ಕುರ್ಚಿಯ ಹೊದಿಕೆಗಳನ್ನು ಮಾಡಬಹುದೆಂದು ತೋರಿಸಿಕೊಟ್ಟವರು ಒಬ್ಬ ಮಹಿಳೆ. ವಿಚಿತ್ರವೆಂದರೆ, ಆಕೆ ಬಾಳಿನ ಪೂರ್ವಾರ್ಧವನ್ನು ಕಳೆದದ್ದು ಅಪ್ಪಟ ಚರ್ಮದ ವ್ಯಾಪಾರದಲ್ಲಿ.

ಕಾರ್ಮೆನ್ ಇಹೋಸಾ ಸ್ಪೇನಿನಲ್ಲಿ ಹುಟ್ಟಿದವರು. ಐರ್ಲೆಂಡಿಗೆ ಬಂದು ನೆಲಸಿ, ಬೆಲೆಬಾಳುವ ಚರ್ಮದ ಕೈಚೀಲಗಳನ್ನು ತಯಾರಿಸುವ ಉದ್ಯಮವನ್ನು ಕಟ್ಟಿದರು. ಆ ವಿದ್ಯೆಯಲ್ಲಿ ಅವರಿಗೆ ಸಾಕಷ್ಟು ಹೆಸರು ಬಂದಿತ್ತು. 1990ರ ದಶಕದಲ್ಲಿ ಫಿಲಿಪ್ಪೈನ್ಸ್ ದೇಶವು ತನ್ನ ಚರ್ಮದ ರಫ್ತನ್ನು ಉತ್ತಮಪಡಿಸಿಕೊಳ್ಳಲು ಬಯಸಿದಾಗ, ಸಲಹೆಗಾರ್ತಿಯಾಗಿ ಹೋದವರು ಇವರೇ. ಅಂದರೆ ಅವರು ಹೋದದ್ದು ಚರ್ಮವನ್ನು ಹೊಗಳುವುದಕ್ಕೆ. ಹಿಂದಿರುಗಿದ್ದು ಅದನ್ನು ಬಿಟ್ಟುಬಿಡುವ ನಿಶ್ಚಯದಿಂದ.

ಅಲ್ಲಿ ಅವರ ಮನಸ್ಸನ್ನು ಕಲಕಿದ್ದು ಹದಮಾಡುವ ಕೆಲಸ. ಹಸಿಯ ಚರ್ಮ ಕೊಳೆಯದಂತೆ ಮಾಡಲು ನಮ್ಮ ದಕ್ಷಿಣದೇಶದಲ್ಲಿ ಹಿಂದೆ ತಂಗಡಿಯ ತೊಗಟೆಯನ್ನು ಬಳಸುತ್ತಿದ್ದರು. ಅದು ವಾರಗಟ್ಟಲೆ ಹಿಡಿಯುವ ಕೆಲಸ. ಕ್ರೋಮಿಯಂ ಲವಣಗಳು ಬಂದ ಮೇಲೆ ಅದೇ ಕೆಲಸ ಬೇಗನೆ ಮುಗಿಯತೊಡಗಿತು. ಇಂದು ಪ್ರಪಂಚದ ಬಹುಪಾಲು ಚರ್ಮ ಹದವಾಗುವುದು ಹೀಗೆಯೇ. ಆದರೆ ಆ ಲವಣ, ಕೂದಲನ್ನು ಕಳಚುವ ಸುಣ್ಣ ಮತ್ತು ಸಲ್ಫೈಡುಗಳು ಬೆರೆತ ನೀರನ್ನು ಶುದ್ಧಿಮಾಡದೆ ಹರಿಯಬಿಟ್ಟರೆ ಹೊಳೆಯೂ ಕೆಡುತ್ತದೆ, ಅದರೊಳಗೆ ನಿಂತು ದುಡಿಯುವವರ ಮೈಯೂ ಕೆಡುತ್ತದೆ. ತನ್ನ ಕುಶಲತೆಯೆಲ್ಲ ನಿಂತಿದ್ದುದು ಇದರ ಮೇಲೆಯೇ ಎಂದು ನಡುವಯಸ್ಸಿನಲ್ಲಿ ಮನಗಾಣುವುದು ಸಾಮಾನ್ಯವಾದ ಸಂಕಟವೆಂದು ನಾನು ತಿಳಿಯುವುದಿಲ್ಲ. ಬಹುಮಂದಿ ಅಂತಹ ಹೊತ್ತಿನಲ್ಲಿ ಕಣ್ಣು ಮುಚ್ಚಿಕೊಳ್ಳುತ್ತಾರೆ.

ದಾರಿ ತೋರಿಸಿದ್ದು ಆ ದೇಶದ ಗಂಡಸರ ಅಂಗಿ. ಮದುವೆ ಮುಂಜಿಗಳಲ್ಲಿ ಫಿಲಿಪ್ಪೈನ್ಸಿನವರು ತೊಡುವ 'ಬಾರೋಂಗ್ ತಗಾಲೋಗ್' ಎಂಬ ಕಸೂತಿಯ ನಿಲುವಂಗಿಯನ್ನು, ಆಚೆಯದು ಕಾಣುವಷ್ಟು ತೆಳುವಾದ ಬಟ್ಟೆಯಿಂದ ಹೊಲಿಯುತ್ತಾರೆ. ಅದರ ಅತ್ಯುತ್ತಮ ಬಟ್ಟೆ ಅನಾನಸ್ ಎಲೆಯ ನಾರಿನದು. ಈ ಗಿಡವನ್ನು ದಕ್ಷಿಣ ಅಮೆರಿಕದಿಂದ ಅಲ್ಲಿಗೆ ತಂದವರು ಸ್ಪೇನಿನವರೇ ಎಂಬುದು ಚರಿತ್ರೆಯ ಒಂದು ತಮಾಷೆ. ಅಕ್ಲಾನ್ ಪ್ರಾಂತದ ಆ ಕೈಮಗ್ಗದ ವಿದ್ಯೆಯನ್ನು 2023ರಲ್ಲಿ ಯುನೆಸ್ಕೋ ಮಾನವಕುಲದ ಪರಂಪರೆಯೆಂದು ಗುರುತಿಸಿತು. ಇಷ್ಟು ನಯವಾದ ಮತ್ತು ಗಟ್ಟಿಯಾದ ನಾರನ್ನು ನೇಯದೆ, ಚರ್ಮದ ಎಳೆಗಳಂತೆ ಒಂದರೊಳಗೊಂದು ಹೆಣೆದುಕೊಳ್ಳುವಂತೆ ಒತ್ತಿದರೆ ಹೇಗೆ? ಇಹೋಸಾ ಅವರ ಯೋಚನೆ ಇಷ್ಟೇ.

ಇಷ್ಟೇ ಆದರೂ ಅದನ್ನು ಕೈಗೂಡಿಸಲು ಅವರು ಐವತ್ತು ದಾಟಿದ ಮೇಲೆ ವಿದ್ಯಾರ್ಥಿನಿಯಾಗಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ ಸೇರಬೇಕಾಯಿತು. ಡಾಕ್ಟರೇಟ್ ಕೈಗೆ ಬರುವಾಗ ವಯಸ್ಸು ಅರವತ್ತು ದಾಟಿತ್ತು. ಮೊಮ್ಮಕ್ಕಳನ್ನು ಆಡಿಸುವ ಕಾಲವೆಂದು ನಮ್ಮಲ್ಲಿ ಹೇಳುವ ಆ ವಯಸ್ಸಿನಲ್ಲಿ, 2013ರಲ್ಲಿ, 'ಅನಾನಸ್ ಅನಾಮ್' ಎಂಬ ಕಂಪನಿ ಸ್ಥಾಪನೆಯಾಯಿತು. ವಸ್ತುವಿಗೆ ಅವರಿಟ್ಟ ಹೆಸರು 'ಪಿನ್ಯಾಟೆಕ್ಸ್'.

ಅದನ್ನು ತಯಾರಿಸುವ ಬಗೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ. ಹೊಲದ ಎಲೆಗಳನ್ನು ಯಂತ್ರಕ್ಕೆ ಕೊಟ್ಟು ನಾರನ್ನು ಬಿಡಿಸುತ್ತಾರೆ. ಉಳಿದ ಹಸಿರು ಚರಟ ಗೊಬ್ಬರಕ್ಕೆ ಬರುತ್ತದೆ. ನಾರನ್ನು ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಅಂಟನ್ನೆಲ್ಲ ತೆಗೆದು ಹತ್ತಿಯ ಅರಳೆಯಂತೆ ಮಾಡುತ್ತಾರೆ. ಈ ಅರಳೆ ಸುಮಾರು ನೂರಕ್ಕೆ 80 ಪಾಲು. ಮಿಕ್ಕ 20 ಪಾಲು ಮೆಕ್ಕೆಜೋಳದ ಸಕ್ಕರೆಯನ್ನು ಹುದುಗಿಸಿ ಪಡೆದ ಪಾಲಿಲ್ಯಾಕ್ಟಿಕ್ ಆಸಿಡ್. ಎರಡನ್ನೂ ಸೇರಿಸಿ ಕಂಬಳಿಯಂತೆ ಒತ್ತುತ್ತಾರೆ. ಒಂದು ಚದರ ಮೀಟರಿಗೆ 480 ಎಲೆಗಳು ಬೇಕೆಂದು ಕಂಪನಿಯ ಲೆಕ್ಕ. ಎಲೆ ಮಾರಿದ ರೈತನಿಗೆ ಹಣ್ಣಿನ ಜೊತೆಗೆ ಇನ್ನೊಂದು ಆದಾಯ.

ಹ್ಯೂಗೋ ಬಾಸ್, ಎಚ್ ಅಂಡ್ ಎಂ, ನೈಕಿ ಮೊದಲಾದ ಕಂಪನಿಗಳು ಇದನ್ನು ಕೊಂಡು ಬೂಟುಗಳನ್ನೂ ಉಡುಪುಗಳನ್ನೂ ಹೊಲಿಸಿದವು. ಇಲ್ಲಿಗೆ ಕಥೆಯನ್ನು ಮುಗಿಸಿದರೆ ಸುಖವಾಗಿರುತ್ತಿತ್ತು. ಆದರೆ ಮಳೆಗೆ ನೆನೆಯದಂತೆ, ಉಜ್ಜಿದರೆ ಸವೆಯದಂತೆ ಆ ಕಂಬಳಿಯ ಮೇಲೆ ಒಂದು ಲೇಪವನ್ನು ಬಳಿಯಲೇಬೇಕು. ಆ ಲೇಪ ಪಾಲಿಯುರಿಥೇನ್, ಬಹುಮಟ್ಟಿಗೆ ಪೆಟ್ರೋಲಿಯಂ ಸಂತಾನ. ಆದ್ದರಿಂದ ಒಳಗಿನ ನಾರು ಮಣ್ಣಿನಲ್ಲಿ ಕರಗಬಲ್ಲುದಾದರೂ ಬೂಟು ಪೂರ್ತಿಯಾಗಿ ಕರಗದು. ಜರ್ಮನಿಯ ಫ್ರೈಬರ್ಗ್ ನಗರದ ಸಂಶೋಧನಾಲಯವೊಂದು 2021ರಲ್ಲಿ ಇಂತಹ ಹಲವು ಹೊಸ ವಸ್ತುಗಳನ್ನು ಪರೀಕ್ಷಿಸಿ, ಚರ್ಮದ ಎಲ್ಲ ಗುಣಗಳೂ ಒಟ್ಟಿಗೆ ಯಾವುದರಲ್ಲಿಯೂ ಇಲ್ಲವೆಂದು ಪ್ರಕಟಿಸಿತು. 'ಸಸ್ಯಚರ್ಮ' ಎಂಬ ಅಂಗಡಿಯ ಚೀಟಿಯನ್ನು ನೋಡಿ ಮರುಳಾಗುವ ಮುನ್ನ ಇದನ್ನು ನೆನೆಯಬೇಕು.

1998ರಲ್ಲಿ ಪಾಲ್ ಅನಸ್ತಾಸ್ ಮತ್ತು ಜಾನ್ ವಾರ್ನರ್ ಎಂಬ ಅಮೆರಿಕದ ವಿಜ್ಞಾನಿಗಳು ಹಸಿರು ರಸಾಯನಶಾಸ್ತ್ರಕ್ಕೆ 12 ಸೂತ್ರಗಳನ್ನು ಹಾಕಿಕೊಟ್ಟರು. ಕಸವಾದ ಮೇಲೆ ಶುದ್ಧಿಮಾಡುವುದಕ್ಕಿಂತ ಕಸವೇ ಆಗದಂತೆ ನೋಡುವುದು ಮೇಲು ಎಂಬುದು ಅದರಲ್ಲಿ ಮೊದಲನೆಯದು. ಇಹೋಸಾ ಅವರ ಎಲೆ ಆ ಸೂತ್ರಕ್ಕೆ ಒಪ್ಪುತ್ತದೆ; ಲೇಪ ಇನ್ನೂ ಒಪ್ಪಿಲ್ಲ.

ಆ ಪಾಲಿಯುರಿಥೇನಿನ ಬೆನ್ನು ಹತ್ತಿದವರು ಬೇರೆ ಇಬ್ಬರು ತರುಣಿಯರು. ಕೆನಡದ ವ್ಯಾಂಕೂವರಿನಲ್ಲಿ ಶಾಲೆಯ ಗೆಳತಿಯರಾಗಿದ್ದ ಮಿರಾಂಡಾ ವಾಂಗ್ ಮತ್ತು ಜೀನಿ ಯಾವೋ, ಪ್ಲಾಸ್ಟಿಕ್ಕನ್ನು ತಿನ್ನುವ ಸೂಕ್ಷ್ಮಜೀವಿಗಳನ್ನು ಹುಡುಕುತ್ತ ಹೊರಟು, 2015ರಲ್ಲಿ ಕಂಪನಿಯೊಂದನ್ನು ತೆರೆದರು. ಅದರ ಈಗಿನ ಹೆಸರು ನೊವೊಲೂಪ್. ಜೀವಿಗಳ ದಾರಿಯನ್ನು ಬಿಟ್ಟು ಅವರು ರಸಾಯನದ ದಾರಿಯನ್ನು ಹಿಡಿದರು. ನಮ್ಮ ಹಾಲಿನ ಪೊಟ್ಟಣದ ಪಾಲಿಥೀನನ್ನೇ ಆಮ್ಲಜನಕದ ನೆರವಿನಿಂದ ಕಿರಿಯ ಆಮ್ಲಗಳಾಗಿ ಮುರಿದು, ಆ ಆಮ್ಲಗಳಿಂದ ಹೊಸ ಪಾಲಿಯುರಿಥೇನನ್ನು ಕಟ್ಟುತ್ತಾರೆ. ಪ್ರಯೋಗಶಾಲೆಯ ಕೆಲಸವನ್ನು ದೊಡ್ಡ ಪ್ರಮಾಣಕ್ಕೆ ಏರಿಸಲು ಅವರು ಜೊತೆಗಾರರನ್ನು ಕಂಡುಕೊಂಡದ್ದು ನಮ್ಮ ದೇಶದ ಸೂರತ್ ನಗರದಲ್ಲಿ.