ಮುಧೋಳ ನಾಯಿ ಬೇಕೇನ್ರಿ? ಮೊದಲು ಮನಿ ತೋರಿಸ್ರಿ

ಕಳೆದ ಸುಗ್ಗಿಯಲ್ಲಿ ನವಲಗುಂದದ ಹತ್ತಿರ, ಕಡಲೆ ಹೊಲದ ಬದುವಿನಲ್ಲಿ ಮುಧೋಳ ನಾಯಿಯೊಂದು ಸಿಕ್ಕಿತು. ಈ ತಳಿ ಸಹಜವಾಗಿ ತೆಳು. ಆದರೆ ಇದರ ಬೆನ್ನುಮೂಳೆಯೂ ಎದ್ದು ಕಾಣುತ್ತಿತ್ತು, ಕುತ್ತಿಗೆಯಲ್ಲಿ ಸರಪಳಿಯ ಗಾಯ.

ಸುತ್ತಲ ಊರುಗಳಲ್ಲಿ ವಿಚಾರಿಸಿದೆವು, ಮಾಲೀಕರು ಬರಲಿಲ್ಲ. ಪಶುವೈದ್ಯರ ತಪಾಸಣೆ, ರೇಬೀಸ್ ಲಸಿಕೆ ಆಯಿತು. ಸಂತಾನಹರಣ ಚಿಕಿತ್ಸೆಯನ್ನೂ ಮಾಡಿಸಿದೆವು. ಇಲ್ಲದಿದ್ದರೆ ಮರಿ ಮಾರುವವರೇ ಮೊದಲು ಬರುತ್ತಾರೆ.

2005ರಲ್ಲಿ ಅಂಚೆಚೀಟಿಯ ಮೇಲೆ ಬಂದ, 2020ರಲ್ಲಿ ಪ್ರಧಾನಿಯ ‘ಮನ್ ಕಿ ಬಾತ್’ನಲ್ಲಿ ಕೇಳಿಬಂದ ತಳಿಯಿದು. ಹೆಸರು ಕೇಳಿಯೇ ಫೋನ್ ಬಂದವು: “ಅಕ್ಕಾರ, ನಮಗ ಕೊಡ್ರಿ, ಬಂಗಾರದಂಗ ನೋಡ್ಕೋತೀವಿ.”

ಒಂದು ಮನೆಗೆ ಕೊಟ್ಟೆ. ಐದೇ ದಿನಕ್ಕೆ ವಾಪಸ್ ಬಂತು, ಕೋಳಿ ಹಿಡಿದಿತ್ತು. ತಪ್ಪು ನಾಯಿಯದಲ್ಲ, ನನ್ನದು. ಮುಧೋಳ ಕಣ್ಣಿಂದ ನೋಡಿ ಬೆನ್ನಟ್ಟುವ ಬೇಟೆನಾಯಿ. ಮನೆಯಲ್ಲಿ ಕೋಳಿ ಇದಾವೇನ್ರಿ ಅಂತ ನಾನು ಕೇಳಿರಲೇ ಇಲ್ಲ.

ಈಗ ಕೇಳುತ್ತೇನೆ. ಎತ್ತರದ ಕಾಂಪೌಂಡ್ ಐತೇನ್ರಿ? ದಿನಾ ಓಡಿಸೋರು ಯಾರು? ನೀವು ಡ್ಯೂಟಿಗೆ ಹೋದರೆ ಮನೆಯಲ್ಲಿ ಯಾರಿರ್ತಾರ? ಮನೆ ನೋಡಿ ಬಂದು, ಹದಿನೈದು ದಿನ ಕೊಟ್ಟು ನೋಡುತ್ತೇನೆ. “ಆಗದಿದ್ರ ಬೀದಿಗೆ ಬಿಡಬ್ಯಾಡ್ರಿ, ನಮಗೇ ಕೊಡ್ರಿ” ಅಂತ ಬರೆಸಿಕೊಳ್ಳುತ್ತೇನೆ.

ಆ ನಾಯಿ ಈಗ ಕುಂದಗೋಳದ ಒಬ್ಬ ಮಾಸ್ತರರ ಹಿತ್ತಲಲ್ಲಿದೆ. ಕುತ್ತಿಗೆಗೆ ಸರಪಳಿ ಇಲ್ಲ.